ಬಾತ್‌ರೂಮಿನಿಂದ ಕಿತ್ತ ವೈರು

ಹತ್ತಿರ ಬನ್ನಿ, ಜೋರಾಗಿ ಹೇಳುವ ವಿಷಯ ಅಲ್ಲ ಇದು. ಯಾರೋ ಯಾರಿಗೋ ಹೇಳಿದ್ದೂ ಅಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಎಲೆಕ್ಟ್ರಿಷಿಯನ್. ಯಾವ ಮನೆಗೆ ಹೋದರೂ ಬಾಗಿಲಲ್ಲೇ "ಫ್ಯೂಸ್ ಹೋಗಿರ್ಬೇಕು" ಅನ್ನುತ್ತಿದ್ದುದರಿಂದ ಅವನು ಎಲ್ಲರಿಗೂ ಫ್ಯೂಸಣ್ಣ.

ಆ ರಾತ್ರಿ ಕೆಲಸ ಮುಗಿಸಿ, ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ನಡೆದು ಬರುತ್ತಿದ್ದ. ಹೆಗಲ ಮೇಲೆ ಹಳೇ ತಾಮ್ರದ ವೈರಿನ ಸುರುಳಿ. ಬಾವಿ ದಾಟುವಾಗ ಹೆಗಲು ಬೆಚ್ಚಗಾಯಿತು... ಮುಟ್ಟಿ ನೋಡಿದ. ವೈರೇ ಬಿಸಿಯಾಗಿತ್ತು. ಎರಡೂ ತುದಿ ಗಾಳಿಯಲ್ಲಿ ನೇತಾಡುತ್ತಿದ್ದ ವೈರು! ಆದರೆ ದೆವ್ವ ಗಿವ್ವ ಅಂದರೆ ನಗಾಡುವ ಆಸಾಮಿ. ನನ್ನ ಮೈಯದೇ ಬಿಸಿ ಅಂದುಕೊಂಡು ಬಿರಬಿರನೆ ಹೆಜ್ಜೆ ಹಾಕಿದ.

ಆ ವೈರು ಎಲ್ಲಿಯದು ಅಂತ ಹೇಳಿಬಿಡುತ್ತೇನೆ. ಅತ್ತೆ ಸೊಸೆ ಇಬ್ಬರೇ ಇದ್ದ ಮನೆಯದು. ಮನೆಯ ಮಗ ಬಾತ್‌ರೂಮಿನ ಗೀಸರ್ ಮುಟ್ಟಿ ಶಾಕ್ ಹೊಡೆದು ಸತ್ತಿದ್ದ. ಅವನು ಹೋದ ಮೇಲೆ ಗೀಸರ್ ತೆಗೆಸಿ, ಬೋರ್ಡಿಗೆ ಆರ್‌ಸಿಡಿ ಹಾಕಿಸಿದ್ದರು. ಕರೆಂಟು ದಾರಿ ತಪ್ಪಿ ಮನುಷ್ಯನ ಮೈಯೊಳಗಿಂದ ನೆಲಕ್ಕೆ ಇಳಿಯಿತೋ, ಆ ಕ್ಷಣವೇ ಟಪ್ ಅಂತ ಬೀಳುವ ಸ್ವಿಚ್ಚು ಅದು. ಜೀವ ಉಳಿಸಬೇಕಾದ ಸ್ವಿಚ್ಚು. ಆದರೆ ಕತ್ತಲಾದ ಮೇಲೆ ಅದು ಸುಮ್ಮಸುಮ್ಮನೆ ಬೀಳುತ್ತಿತ್ತು. ಬಿದ್ದರೆ ಅತ್ತೆಯ ಆಕ್ಸಿಜನ್ ಮಷೀನು ನಿಲ್ಲುತ್ತಿತ್ತು. ಸೊಸೆ ತಡಕಾಡಿ ಸ್ವಿಚ್ಚು ಎತ್ತುವಷ್ಟರಲ್ಲಿ ಮುದುಕಿಯ ತುಟಿ ನೀಲಿ.

"ಏನಾದ್ರೂ ಮಾಡಿ ಅಣ್ಣಾ," ಅಂದಳು ಸೊಸೆ. "ಒಂದಿನ ನಂಗೆ ಎಚ್ಚರ ಆಗ್ದೇ ಹೋದ್ರೆ..."

ಫ್ಯೂಸಣ್ಣ ಮಷೀನನ್ನು ಸದ್ಯಕ್ಕೆ ಪಕ್ಕದ ಮನೆಯ ಕರೆಂಟಿಗೆ ಕೊಟ್ಟು ಎಲ್ಲ ಪ್ಲಗ್ಗೂ ಕಿತ್ತ. ಒಂದೊಂದೇ ಲೈನು ಹಾಕಿ ನೋಡಿದ. ಟಪ್. ಹೊಸ ಆರ್‌ಸಿಡಿ ಕೂರಿಸಿದ. ಟಪ್. ಲೈನುಗಳನ್ನೆಲ್ಲ ಬಿಚ್ಚಿ, ಕರೆಂಟು ಸೋರುವುದನ್ನು ಅಳೆಯುವ ಮೆಗ್ಗರ್ ಹಚ್ಚಿದ, ಎಲ್ಲೂ ಲೀಕೇಜಿಲ್ಲ. ತಲೆ ಕೆಟ್ಟುಹೋಯಿತು. ಉಳಿದದ್ದು ಗೀಸರಿನ ಹಳೇ ಲೈನು. ತುದಿಗೆ ಟೇಪು ಸುತ್ತಿದ್ದ, ಯಾರೂ ಮುಟ್ಟದ ಲೈನು. ಅದನ್ನು ಬೋರ್ಡಿನಿಂದ ಬಿಚ್ಚಿ, ಪೈಪಿನೊಳಗಿಂದ ಪೂರ್ತಿ ಎಳೆದು ಹಾಕಿದ.

ಸ್ವಿಚ್ಚು ಬೀಳದೆ ನಿಂತಿತು. ಮಷೀನನ್ನು ಮತ್ತೆ ಮನೆಯ ಲೈನಿಗೆ ಕೊಟ್ಟ, ಒಂದೇ ಸಮನೆ ಓಡಿತು. ಘುಸ್ಸ್... ಟಕ್. ಘುಸ್ಸ್... ಟಕ್.

ಮುದುಕಿ ಮಾಸ್ಕ್ ಸರಿಸಿ ಅವನನ್ನು ಹತ್ತಿರ ಕರೆದರು.

"ಏನ್ ಕಿತ್ತೆಯಪ್ಪಾ?" ಪಿಸುದನಿ.

"ಗೀಸರ್ ಲೈನಮ್ಮಾ. ಇನ್ನು ಬೀಳಲ್ಲ."

"ವಾಪಸ್ ಹಾಕು."

"ಯಾಕಮ್ಮಾ?"

"ಕರೆಂಟ್ ಹೋದಾಗ್ಲೇ ನನ್ ಮಗ ಆ ವೈರಿಂದ ಕೈ ಬಿಡಿಸ್ಕೊಳ್ಳೋದು... ಆಮೇಲೇ ನನ್ ಹತ್ರ ಬರೋದು."

ಫ್ಯೂಸಣ್ಣ ಸೊಸೆಯ ಮುಖ ನೋಡಿದ. ಅವಳು ಬೇಡ ಅಂತ ತಲೆ ಆಡಿಸಿದಳು. ಉಸಿರಿಗಿಂತ ದೊಡ್ಡದು ಯಾವುದಿದೆ? ಅವನು ವಾಪಸ್ ಹಾಕಲಿಲ್ಲ. ಒಳ್ಳೇ ತಾಮ್ರ, ಬಿಸಾಕೋದ್ಯಾಕೆ ಅಂತ ಸುರುಳಿ ಸುತ್ತಿ ಹೆಗಲಿಗೇರಿಸಿದ. ಆ ಕಸುಬಿನವರೆಲ್ಲ ಹಾಗೇ, ಗೇಣುದ್ದ ವೈರು ಬಿಡುವವರಲ್ಲ.

ಮನೆಗೆ ಬಂದು ಸುರುಳಿಯನ್ನು ಮೊಳೆಗೆ ನೇತುಹಾಕಿ ಊಟಕ್ಕೆ ಕೂತ.

ಟಪ್.

ಕಗ್ಗತ್ತಲು. ಅವನ ಮನೆಯ ಬೋರ್ಡು ಅವನೇ ಕೈಯಾರೆ ಕಟ್ಟಿದ್ದು, ಒಂದು ದಿನವೂ ಕೈಕೊಟ್ಟದ್ದಲ್ಲ. ಎದ್ದು ನಿಂತ... ಆಗ ಕೇಳಿಸಿತು. ಗಂಟಲು ಒಣಗಿದ ಗಂಡಸಿನ ದನಿ.

"ಅಮ್ಮಾ..."

ಒಳಕೋಣೆಯಿಂದ ದೊಡ್ಡಮ್ಮ, ಅಂದರೆ ಫ್ಯೂಸಣ್ಣನ ತಾಯಿ, ಓಗೊಟ್ಟರು. "ಬಾರೋ, ಏನಾಯ್ತೋ ಮಗಾ?"

"ನಾನು ಕರೀಲಿಲ್ಲಮ್ಮಾ."

ದೊಡ್ಡಮ್ಮ ಮೆಲ್ಲಗೆ ಅಂದರು. "ನಿನ್ನನ್ನಲ್ಲ ಕಣೋ ನಾನು ಕೇಳಿದ್ದು."

ಆ ರಾತ್ರಿ ಫ್ಯೂಸಣ್ಣ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಸುರುಳಿ ಹೊತ್ತು ಆ ಮನೆಗೆ ಓಡಿದ. ಬಾಗಿಲ ಹೊರಗೆ ರಾಶಿ ಚಪ್ಪಲಿ. ಸೊಸೆ ಗೋಡೆಗೊರಗಿ ಕೂತಿದ್ದಳು.

"ಮಷೀನ್ ರಾತ್ರಿಯೆಲ್ಲಾ ಓಡ್ತಾನೇ ಇತ್ತು ಅಣ್ಣಾ. 'ಇನ್ನೂ ಯಾಕೆ ಕರೆಂಟ್ ಹೋಗಿಲ್ಲ' ಅಂತ ಅತ್ತೆ ಕೇಳ್ತಾನೇ ಇದ್ರು. ಆಮೇಲೆ ಯಾವಾಗ್ಲೋ ಮಾಸ್ಕ್ ಕಿತ್ತು ಹಾಕಿದಾರೆ. ನಂಗೆ ಗೊತ್ತೇ ಆಗ್ಲಿಲ್ಲ. ಸ್ವಿಚ್ ಬೀಳ್ಲಿಲ್ವಲ್ಲ... ಅದಕ್ಕೇ ನಿದ್ದೆ ಬಂದ್ಬಿಡ್ತು."

ಜನ ಹೋದ ಮೇಲೆ ಫ್ಯೂಸಣ್ಣ ಆ ವೈರನ್ನು ಮತ್ತೆ ಅದೇ ಪೈಪಿನೊಳಗೆ ಎಳೆದು, ಬೋರ್ಡಿಗೆ ಕೊಟ್ಟು ಬಂದ. ಅಲ್ಲಿ ಸ್ವಿಚ್ಚು ಇವತ್ತಿನವರೆಗೂ ಬಿದ್ದಿಲ್ಲ. ಅಲ್ಲಿಗೆ ಯಾರು ಯಾಕೆ ಬರಬೇಕು ಹೇಳಿ, ಕರೆದರೆ ಓಗೊಡುವವರೇ ಇಲ್ಲವಲ್ಲ.

ಬೀಳುವುದು ಫ್ಯೂಸಣ್ಣನ ಮನೆಯಲ್ಲಿ. ದಿನಾ. ಸುರುಳಿ ಅಲ್ಲಿಲ್ಲ, ವೈರಿಂಗ್ ಪೂರ್ತಿ ಹೊಸದು ಮಾಡಿಸಿಯಾಯಿತು, ಆದರೂ ಬೀಳುತ್ತದೆ. ಎತ್ತಲು ಹೋದರೆ ಒಳಗಿಂದ ದೊಡ್ಡಮ್ಮ ತಡೆಯುತ್ತಾರೆ. "ಇರ್ಲಿ ಬಿಡೋ ಸ್ವಲ್ಪ ಹೊತ್ತು, ಕೈ ಹಿಡ್ಕೊಂಡಿದಾನೆ." ಫ್ಯೂಸಣ್ಣ ಈಗ ನಗುವುದಿಲ್ಲ. ಆ ಸ್ವಿಚ್ಚಿನ ಕೆಳಗೇ ಕತ್ತಲಲ್ಲಿ ಕೂತಿರುತ್ತಾನೆ. ಕಿತ್ತದ್ದು ಅವನೇ, ತಂದದ್ದೂ ಅವನೇ. ಯಾರ ಹತ್ತಿರ ಹೇಳಿಕೊಳ್ಳುತ್ತಾನೆ?

ಸುಳ್ಳು ಅನ್ನುವವರು ಹೋಗಿ ನೋಡಿ ಬನ್ನಿ. ದೊಡ್ಡಮ್ಮ ಒಲೆ ಹತ್ತಿರ ಹೋಗಿ ವರ್ಷಗಳಾದವು. ಮೊನ್ನೆ ನಾನು ಹೋದಾಗ ಅವರ ಎರಡೂ ಅಂಗೈಗೆ ಸುಟ್ಟ ಗಾಯದ ಮುಲಾಮು ಹಚ್ಚಿದ್ದರು.