ಅಮೃತಪ್ಪನ ರಾತ್ರಿ ಊಟ

ಇದು ನಮ್ಮ ಗಲ್ಲಿಯ ಕಲ್ಲೇಶನಿಗೆ ಆದದ್ದು. ಯಾರೋ ಹೇಳಿದ್ದಲ್ಲ, ಅವನೇ ಹೇಳಿದ್ದು.

ಅವನು ಊರಿಗೆ ಮರಳಿದ ರಾತ್ರಿ ಸುಲ್ತಾನ್ ಬಜಾರಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಆಟೋದವನು ಮೂಲೆಯಲ್ಲೇ ಇಳಿಸಿಬಿಟ್ಟ. ಕಂಬಿ ಹಾಕಿ ಮುಚ್ಚಿದ ಹಳೇ ಬಾವಿಯ ಪಕ್ಕ ಕಲ್ಲೇಶ ಒಬ್ಬನೇ ನಡೆದ. ಸೂಟ್‌ಕೇಸಿನ ಗಾಲಿ ಕಲ್ಲಿನ ಮೇಲೆ ಕಟಕಟ... ಬಾವಿಯ ಹತ್ತಿರ ಆ ಸದ್ದು ಎರಡಾಯಿತು. ಅವನು ನಿಂತ. ಒಂದು ಸದ್ದು ನಿಂತಿತು. ಇನ್ನೊಂದು, ಸ್ವಲ್ಪ ತಡವಾಗಿ.

ಒಂಬತ್ತು ವರ್ಷದ ಹಿಂದೆ ಅವನು ಮಸ್ಕತ್ತಿಗೆ ಹೊರಟದ್ದು ಇದೇ ಗಲ್ಲಿಯ ತಮ್ಮ ಖಾನಾವಳಿಯಿಂದ. ಅಪ್ಪ ಅಮೃತಪ್ಪನ ಜೊತೆ ಜಗಳಾಡಿ, ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು, ಕೈ ಕೂಡ ತೊಳೆಯದೆ ಎದ್ದು ಹೋಗಿದ್ದ. ಅಪ್ಪನದೊಂದು ನೇಮ. ಕೊನೆಯವನು ಉಂಡು ಕೈ ತೊಳೆಯುವವರೆಗೆ ತಾನು ಉಣ್ಣಬಾರದು. ಅಪ್ಪ ಉಂಡ ಮೇಲೆ ಅವ್ವ ಶರಣಬಸಮ್ಮ, ಅದೇ ತಾಟಿನಲ್ಲಿ. "ಹುಡುಗನ ಊಟ ಇನ್ನಾ ಮುಗಿದಿಲ್ಲ" ಎಂದು ಅಪ್ಪ ಅಂದಿನಿಂದ ರಾತ್ರಿ ಊಟ ಬಿಟ್ಟ. ಅಪ್ಪ ಉಣ್ಣದ್ದಕ್ಕೆ ಅವ್ವನೂ ಬಿಟ್ಟಳು. ಆರು ವರ್ಷ ಸೊರಗಿ ಅಪ್ಪ ಸತ್ತ. ಕಲ್ಲೇಶ ಮಣ್ಣಿಗೂ ಬರಲಿಲ್ಲ.

ಮೊನ್ನೆ ತಂಗಿ ಕಾವ್ಯಾ ಫೋನ್ ಮಾಡಿದ್ದಳು. "ಅವ್ವ ಈಗೂ ರಾತ್ರಿ ಉಣ್ಣೂದಿಲ್ಲಣ್ಣ. ನಿಮ್ಮಪ್ಪ ಇನ್ನಾ ಉಂಡಿಲ್ಲ ಅಂತಾಳ. ಮೂವತ್ತೆಂಟು ಕಿಲೋ ಆಗ್ಯಾಳ. ಬರೂದಾಗದಿದ್ರ ಬಿಡು, ಆಕಿ ಮಣ್ಣಿಗೇ ಬಾ."

ಖಾನಾವಳಿಯ ಶಟರ್ ಅರ್ಧ ತೆರೆದಿತ್ತು. ಒಳಗೆ ಅವ್ವ ನಿಂತಿದ್ದಳು. ಬರೀ ಸೀರೆ ನಿಂತ ಹಾಗೆ.

"ಮೆತ್ತಗ ಮಾತಾಡು. ನಿಮ್ಮಪ್ಪ ಗಲ್ಲೇದ ಮ್ಯಾಲೆ ಕುಂತಾರ."

ಗಲ್ಲಾ ಖಾಲಿ. ಆದರೆ ಅದರ ಹಿಂದಿನ ಕುರ್ಚಿ... ಕಿರ್ರ್...

"ಸಿಟ್ಟು ಇಳಿದಿಲ್ಲೇನವ್ವ?"

"ನಿನ್ನಂಥಾ ಶಾಣ್ಯಾನ ಮ್ಯಾಲೆ ಯಾರು ಸಿಟ್ಟಾಗ್ತಾರ? ಹಸಿದಾರ. ಕುಂದ್ರು, ಉಣ್ಣು."

ರೊಟ್ಟಿ, ಮುಳಗಾಯಿ ಪಲ್ಯ, ಕೆಂಪು ಮೆಣಸಿನಕಾಯಿಯ ರಂಜಕ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ಉಂಡ. ಎದ್ದು ನಳ ಬಿಟ್ಟು ಕೈ ತೊಳೆದ. ಅವ್ವ ಅವೇ ಪಾತ್ರೆಗಳಿಂದ ಇನ್ನೊಂದು ತಾಟಿಗೆ ಬಡಿಸಿದಳು. ಪಕ್ಕಕ್ಕೆ ಒಂದು ಉಳ್ಳಾಗಡ್ಡಿ ಇಟ್ಟು ದೀಪ ಆರಿಸಿದಳು. ಇಬ್ಬರೂ ಅಡಿಗೆಮನೆಯ ಕತ್ತಲಲ್ಲಿ ಕೂತರು.

ಕುರ್ಚಿ ಸರಿಯಿತು. ಆಮೇಲೆ... ಧಡ್. ಮುಷ್ಟಿಯಿಂದ ಉಳ್ಳಾಗಡ್ಡಿ ಒಡೆದ ಸದ್ದು.

"ಕುಂತ್ರು" ಎಂದಳು ಅವ್ವ.

ಕಡಕ್ ರೊಟ್ಟಿ ಮುರಿಯಿತು. ಕಟ್... ಕಟ್... ಭಾಳ ಹೊತ್ತಿನ ಮೇಲೆ ನಳದ ನೀರು ಸುರಿದು ನಿಂತಿತು.

ದೀಪ ಹಾಕಿದಾಗ ರೊಟ್ಟಿ ಬಡಿಸಿದ ಹಾಗೇ ಇತ್ತು. ಉಳ್ಳಾಗಡ್ಡಿ ಮಾತ್ರ ಒಡೆದಿತ್ತು. ಅವ್ವ ಅದೇ ತಾಟಿಗೆ ಕೂತಳು. ಮೂರನೇ ತುತ್ತಿಗೆ ತಲೆ ಎತ್ತಿದಳು.

"ರಂಜಕ ಸಪ್ಪಗೈತಲ್ಲೋ."

ಕಲ್ಲೇಶ ಬೆರಳಲ್ಲಿ ತೆಗೆದು ನಾಲಿಗೆಗಿಟ್ಟ. ಉಪ್ಪಿಲ್ಲ, ಖಾರವಿಲ್ಲ... ನೆನೆದ ಕಾಗದದ ಹಾಗೆ. ಅದೇ ಭರಣಿಯ ರಂಜಕಕ್ಕೆ ಅವನ ಬಾಯಿ ಇನ್ನೂ ಉರಿಯುತ್ತಿತ್ತು.

"ಬಿಡವ್ವ, ಬ್ಯಾರೆ ಬಡಸ್ತೀನಿ."

"ಅವರು ಉಂಡದ್ದು" ಎಂದು ಅವ್ವ ತಾಟು ಬಳಿದು ಉಂಡಳು.

ಶರಣಬಸಮ್ಮ ಈಗ ದಿನಾ ರಾತ್ರಿ ಉಣ್ಣುತ್ತಾಳೆ, ಮೈಯೂ ತುಂಬಿದೆ. ನಾಲಿಗೆಗೆ ಮಾತ್ರ ಅಂದಿನಿಂದ ಯಾವ ರುಚಿಯೂ ತಿಳಿಯುವುದಿಲ್ಲ. ಕಲ್ಲೇಶ ಮಸ್ಕತ್ತಿಗೆ ತಿರುಗಿ ಹೋಗಲಿಲ್ಲ. ಸುಳ್ಳೆನ್ನುವವರು ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಆ ಖಾನಾವಳಿಗೆ ಹೋಗಿ ನಿಲ್ಲಲಿ. ಪಲ್ಯ ಇಳಿಸಿದ ಕೂಡಲೇ ಆಕೆ ಮಗನ ಅಂಗೈಗೆ ಒಂದಿಷ್ಟು ಹಾಕಿ, ಅವನ ಮುಖ ನೋಡುತ್ತ ನಿಲ್ಲುತ್ತಾಳೆ.