ಗುರ್ತಿಲ್ಲದವರ ಲಗ್ನದಾಗ ಉಂಡದ್ದು

ಅಲ್ಲ, ಕಳ್ಳತನ ಅಂತ ನಾ ಯಾಕ ಅನ್ನಾಕತ್ತೀನಿ ಅಂದ್ರ, ಯಾರೂ ಬಾ ಅಂತ ಕರೀದ ಹೋಗಿ ಉಂಡು ಬರೂದಕ್ಕ ಮತ್ತೇನಂತಾರ, ನೀವ ಹೇಳ್ರಿ. ನಿಮ್ಮ ಅವ್ವ ಈ ಮಾತು ಮಕ್ಕಳ ಮುಂದ ತಗೀಬ್ಯಾಡ ಅಂತಾಳ. ತಗೀತೀನಿ. ಪಮ್ಮಿ, ನಿನಗ ಆವಾಗ ಆರು ವರ್ಷ, ಈ ಸಂತೂಗ ಮೂರು, ಇಲ್ಲ ಮೂರು ತುಂಬಿರಲಿಲ್ಲ. ನಿಮ್ಮ ಅಪ್ಪ ತೀರಿಕೊಂಡ ಮ್ಯಾಲೆ ನಿಮ್ಮ ಅವ್ವ ನಿಮ್ಮನ್ನ ಕರಕೊಂಡು ನಮ್ಮ ಮನಿಗೆ ಬಂದಿದ್ಲು. ಆವಾಗ ನಾವು ಈ ಖಡಕಿ ಭಾಗದಾಗ ಇರಲಿಲ್ಲ, ಸದಾಶಿವ ಪೇಠದಾಗ ಒಂದು ಹಳೇ ವಾಡೇದಾಗ ಎರಡು ಖೋಲಿ ಭಾಡಗಿಗೆ ಹಿಡದಿದ್ವಿ. ನಿಮ್ಮ ಮುತ್ಯಾ ಹಡಪಸರದಾಗ ಒಂದು ವರ್ಕಶಾಪಿನ್ಯಾಗ ಕಾರಕೂನಕಿ ಮಾಡತಿದ್ರು. ಅರವತ್ತಾರು ವಯಸ್ಸು. ಪಗಾರ ಐದು ವರ್ಷದಿಂದ ಒಂದ ಸವನಿ, ಒಂದು ರೂಪಾಯಿ ಮ್ಯಾಲೆ ಇಲ್ಲ. ಒಮ್ಮೆ ಬಾಯಿಬಿಟ್ಟು ಕೇಳಿದ್ರಂತ. ಆ ಮಾಲಕ, ಅವನೂ ಕೆಟ್ಟವನಲ್ಲ, ಅಂವ ಅಂದನಂತ, 'ಕಾಕಾ, ಈ ವಯಸ್ಸಿನ್ಯಾಗ ನಿಮ್ಮನ್ನ ಇಟ್ಟುಕೊಂಡೀನಲ್ಲ, ಅದ ದೊಡ್ಡದು ಅನ್ಕೋರಿ.' ಇವರು ಹೂಂ ಅಂತ ಗೋಣು ಹಾಕಿ ಬಂದ್ರು. ನಿಮ್ಮ ಅವ್ವ ಲಕ್ಷ್ಮೀ ರಸ್ತಾದಾಗ ಸೀರಿ ಅಂಗಡ್ಯಾಗ ನಿಂದರತಿದ್ಲು, ಅಲ್ಲೂ ಹಂಗ, ಕೆಲಸಕ್ಕ ಹಚ್ಚಿಕೊಂಡಾಗ ಏನಿತ್ತೋ ಅದ ಪಗಾರ.

ಪಗಾರ ನಿಂತಲ್ಲೇ ನಿಂತಿತ್ತು, ಉಳದದ್ದು ಯಾವುದು ನಿಂತಿತ್ತು ಹೇಳ್ರಿ. ಗ್ಯಾಸ್ ಏರಿತು. ಎಣ್ಣಿ ಏರಿತು. ಹಾಲಿನಾಂವ ತಿಂಗಳಾ ಬಂದು 'ಆಜೀ, ಇನ್ನ ಎರಡು ರೂಪಾಯಿ' ಅನ್ನಾಂವ. ಮನಿ ಮಾಲಕ ಹನ್ನೊಂದು ತಿಂಗಳಿಗೊಮ್ಮೆ ಭಾಡಗಿ ಏರಿಸಿದ ಕಾಗದ ತರತಿದ್ದ, ಸಹಿ ಮಾಡ್ರಿ, ಇಲ್ಲಾ ಖಾಲಿ ಮಾಡ್ರಿ ಅಂತ. ಸಾಲಿಯವರು ಫೀ ಅಂತಿದ್ರು. ನಾ ಏನು ಮಾಡಿದೆ, ಮೊದಲು ಹಾಲು ಅರ್ಧ ಮಾಡಿದೆ. ಆಮ್ಯಾಲೆ ತೊಗರಿ ಬ್ಯಾಳಿ ಬಿಟ್ಟು ಮಸೂರ ತಂದೆ. ಆಮ್ಯಾಲೆ ಅದಕ್ಕೂ ನೀರು ಹಾಕಿದೆ. ಸಂತೆ ಮುಗದು ಗಾಡಿಯವರು ಹೋಗೂ ಹೊತ್ತಿಗೆ ಹೋಗಿ ಒಣಗಿದ ಪಲ್ಯಾ ಆರಿಸಿ ತರತಿದ್ದೆ. ಅದಾದ ಮ್ಯಾಲೆ ಕಡಿಮಿ ಮಾಡಾಕ ಏನೂ ಉಳೀಲಿಲ್ಲ ನೋಡ್ರಿ, ಊಟಾನ ಉಳೀತು. ರಾತ್ರಿ ನಿಮಗಿಬ್ಬರಿಗೆ ಬಡಿಸಿ ನಾ ಅಂತಿದ್ದೆ, 'ನನಗ ಇವತ್ತು ವಾರ, ಉಪವಾಸ ಅದ.' ಸೋಮವಾರನೂ ವಾರ, ಗುರುವಾರನೂ ವಾರ, ಶನಿವಾರನೂ ವಾರ. ಮುತ್ಯಾ ಅಂತಿದ್ರು, 'ವರ್ಕಶಾಪಿನ್ಯಾಗ ಯಾರದೋ ಬರ್ತ್‌ಡೇ ಇತ್ತು, ಹೊಟ್ಟಿ ತುಂಬೇದ.' ನಿಮ್ಮ ಅವ್ವ ಅಂತಿದ್ಲು, 'ಅಂಗಡ್ಯಾಗ ಊಟ ಕೊಡತಾರ.' ನಾ ನಂಬತಿದ್ದೆ. ನಂಬತಿದ್ದೆ ಅಂದ್ರ, ನಂಬಬೇಕಾಗಿತ್ತು.

ಹಂಗ ಒಂದಿನ, ಐತವಾರ, ಬಿಸಲು ಅಂದ್ರ ಬಿಸಲು, ನಾನೂ ಇವರೂ ಪಲ್ಯಾದ ಚೀಲ ಹಿಡಕೊಂಡು ಬರಾಕತ್ತಿದ್ವಿ. ಹಾದ್ಯಾಗ ಒಂದು ಮಂಗಲ ಕಾರ್ಯಾಲಯ. ಲಗ್ನ ನಡದಿತ್ತು, ಸನಾದಿ ಊದತಿದ್ರು, ಒಳಗಿಂದ ಮಸಾಲಿ ಭಾತಿನ ವಾಸನಿ. ನಾ ಎರಡು ಹೆಜ್ಜಿ ಮುಂದ ಹೋಗಿ ಹೊಳ್ಳಿ ನೋಡತೀನಿ, ಇವರು ಗೇಟಿನ ಮುಂದ ನಿಂತುಬಿಟ್ಟಾರ. 'ಏನ್ರಿ, ಗುರ್ತಿನವರೇನು?' ಅಂದೆ. ನಿಮ್ಮ ಮುತ್ಯಾ ಎಂಥವರು ಗೊತ್ತಲ್ಲ, ಬಸ್ಸಿನ್ಯಾಗ ಕಂಡಕ್ಟರ್ ಟಿಕೀಟು ಕೊಡೂದು ಮರತ್ರ ತಾವ ಕರದು ತೊಗೋಳಾವರು. ಅಂಥವರು ನನ್ನ ಮುಖ ನೋಡಲಿಲ್ಲ, ಆ ಕಡೆ ನೋಡಕೋತ ಅಂದ್ರು, 'ಶಾಂತಾ, ಒಳಗ ಹೋಗೂಣೇನು?' ಈ ಮನುಷ್ಯಾ ಎಷ್ಟು ದಿನದಿಂದ ಹಸದಿರಬೇಕು ಅಂತ ನನಗ ಆವಾಗ ತಿಳೀತು ನೋಡ್ರಿ, ಅಲ್ಲೀತನಕ ತಿಳದಿರಲಿಲ್ಲ, ಸಂಗಾಟ ಇದ್ದಾಕಿ ನಾನು.

ಹೋದ್ವಿ. ಯಾರೂ ಕೇಳಲಿಲ್ಲ. ಬಾಗಲಾಗ ಒಬ್ಬಾಕಿ ಹುಡುಗಿ ಅತ್ತರ ಹಚ್ಚಿ, ಗುಲಾಬಿ ಕೊಟ್ಟು 'ಯಾ, ಯಾ' ಅಂತ ಒಳಗ ಕರದ್ಲು. ಪಂಕ್ತ್ಯಾಗ ಕೂತ್ವಿ. ಇವರು ತಲಿ ಎತ್ತದ ಉಂಡ್ರು. ನಾ ಎರಡು ಜಿಲೇಬಿ, ಎರಡು ಪೂರಿ ಕರ್ಚೀಫಿನ್ಯಾಗ ಕಟ್ಟಿ ಸೆರಗಿನ ಬುಡಕ ಇಟಗೊಂಡೆ, ನಿಮಗಂತ. ಎದ್ದು ಬರೂ ಮುಂದ ಇವರು ಏನು ಮಾಡಿದ್ರು, ಕಿಸೇದಾಗಿಂದ ಹನ್ನೊಂದು ರೂಪಾಯಿ ತಗದು, ಅಲ್ಲೇ ಮೇಜಿನ ಮ್ಯಾಲಿದ್ದ ಪಾಕೀಟಿನ್ಯಾಗ ಹಾಕಿ, ಹೆಸರು ಬರೀದ ಇಟ್ಟು ಬಂದ್ರು. 'ಉಂಡ ಮ್ಯಾಲೆ ಆಯಾರ ಮುಯ್ಯಿ ಮಾಡದ ಹೋಗಬಾರದು' ಅಂದ್ರು. ಅವತ್ತು ನೀವಿಬ್ಬರೂ ಜಿಲೇಬಿ ತಿಂದ್ರಿ. ನಿಮ್ಮ ಅವ್ವ ಎಲ್ಲಿಂದು ಅಂತ ಕೇಳಿದ್ಲು, 'ವರ್ಕಶಾಪಿನ ಮಾಲಕನ ಮನ್ಯಾಗ ಕಾರ್ಯ ಇತ್ತು' ಅಂದ್ರು ಇವರು. ಆ ಹಂಗಾಮಿನ್ಯಾಗ ಆರು ಲಗ್ನಕ್ಕ ಹೋದ್ವಿ ನಾವು. ಆರೋ ಏಳೋ. ನನ್ನ ಲಗ್ನದ ರೇಷ್ಮಿ ಸೀರಿ ಒಂದಿತ್ತಲ್ಲ, ಅದನ್ನ ಉಟಗೊಂಡು. ಹುಡುಗನ ಕಡಿಯವರು ಕೇಳಿದ್ರ ಹುಡುಗಿ ಕಡಿಯವರು ಅನ್ನೂದು, ಹುಡುಗಿ ಕಡಿಯವರು ಕೇಳಿದ್ರ ಹುಡುಗನ ಕಡಿಯವರು. ಕಲತುಬಿಟ್ಟಿದ್ದೆ. ಒಂದು ಸ್ಟೀಲಿನ ಡಬ್ಬಿನೂ ಒಯ್ಯಾಕ ಚಾಲೂ ಮಾಡಿದ್ದೆ, ನಾಚಿಕಿ ಅನ್ನೂದು ಹಂಗ, ಒಂದು ಸಲ ಬಿಟ್ರ ಆತು.

ಕಡೀ ಲಗ್ನದ ಮಾತು ಹೇಳ್ತೀನಿ. ಪಂಕ್ತ್ಯಾಗ ಅರ್ಧಾ ಊಟ ಆಗಿತ್ತು. ಮದಿಮಗಳ ತಾಯಿ, ಹಸರು ಪೈಠಣಿ ಉಟ್ಟಾಕಿ, ಮಂದಿಗೆ ಜಿಲೇಬಿ ಹಾಕ್ಕೋತ, ತೊಗೋರಿ ತೊಗೋರಿ ಅಂತ ಒತ್ತಾಯ ಮಾಡ್ಕೋತ ಬಂದ್ಲು. ನಾ ಮರಾಠ್ಯಾಗ 'ಬಾಸ್ ಬಾಸ್' ಅಂದೆ, ಸಾಕು ಅಂತ. ನನ್ನ ಮರಾಠಿ ಹೆಂಗದ ಗೊತ್ತಲ್ಲ, ನಲವತ್ತು ವರ್ಷ ಆದ್ರೂ ಕನ್ನಡ ಹೋಗಿಲ್ಲ. ಆಕಿ ಮುಖ ಅರಳಿತು. 'ಅಯ್ಯ, ನೀವು ಹುಡುಗನ ಸೋಲಾಪುರದ ಅತ್ತಿ ಅಲ್ಲೇನು? ಮಾತಿನ ಮ್ಯಾಲೆ ಗೊತ್ತಾತು ನೋಡ್ರಿ.' ನಾ ಏನನ್ನಬೇಕು. ಹೂಂ ಅಂದೆ. ಒಂದ ಹೂಂ. ಆಕಿ ನನ್ನ ಕೈ ಹಿಡದು ಎಬ್ಬಿಸಿದ್ಲು, 'ಕೈ ತೊಳ್ಕೊಂಡು ಬರ್ರಿ, ನಿಮ್ಮದು ಉಡಿ ತುಂಬೂದು ಉಳದದ' ಅಂತ ಒಳಗಿನ ಖೋಲಿಗೆ ಕರಕೊಂಡು ಹೋದ್ಲು. ಮಣಿ ಹಾಕಿ ಕೂಡಸಿದ್ಲು. ಅರಿಷಿಣ ಕುಂಕುಮ ಹಚ್ಚಿದ್ಲು. ನನ್ನ ಸೆರಗಿನ್ಯಾಗ ಅಕ್ಕಿ, ತೆಂಗಿನಕಾಯಿ, ಖಣ, ಎಲಿ ಅಡಿಕಿ ಹಾಕಿದ್ಲು. ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ್ಲು, ನನ್ನ ಕಾಲಿಗೆ. ಊಟ ಕದ್ದದ್ದು ಬ್ಯಾರೆ. ಇನ್ನೊಬ್ಬಾಕಿ ಉಡಿ ನಾ ತುಂಬಿಸಿಕೊಂಡು ಕೂತಿದ್ದೆ.

ಅಷ್ಟರಾಗ ಹುಡುಗನ ತಾಯಿ ಬಂದ್ಲು. ನನ್ನ ನೋಡಿದ್ಲು, ಆಕಿನ್ನ ನೋಡಿದ್ಲು. 'ಇವರು ಯಾರ್ರಿ?' 'ನಿಮ್ಮ ಸೋಲಾಪುರದವರಲ್ಲೇನ್ರಿ?' 'ಅವರ ಬಸ್ಸ ಇನ್ನೂ ಬಂದಿಲ್ಲ.' ಖೋಲಿ ತುಂಬ ಹೆಣ್ಣಮಕ್ಕಳು, ಎಲ್ಲಾರೂ ನನ್ನ ಕಡೆ ತಿರಗಿದ್ರು. 'ನೀವು ಯಾರ ಕಡಿಯವರು?' ಬಾಗಲಾಗ ನಿಮ್ಮ ಮುತ್ಯಾ ನಿಂತಿದ್ರು, ಡಬ್ಬಿ ಇದ್ದ ಚೀಲ ಕೈಯಾಗ. ಅವರು ಕೈ ಮುಗದು ಅಂದ್ರು, ಹಿಂಗ, ಮೆಲ್ಲಕ, 'ಆಮ್ಹೀ ಕುಣಾಚೇಚ್ ನಾಹೀ.' ನಾವು ಯಾರ ಕಡಿಯವರೂ ಅಲ್ಲ. 'ಹಸಿವಾಗಿತ್ತು, ಬಂದ್ವಿ' ಅಂದ್ರು.

ಮದಿಮಗಳ ಕಾಕಾ ಒಬ್ಬ ಓಡಿ ಬಂದ. ವಯಸ್ಸಿಗೆ ತಕ್ಕಂಗ ಇರ್ರಿ, ನಾಚಿಕಿ ಆಗಂಗಿಲ್ಲೇನು ಅಂತ ಒದರಾಡಿ ಇವರ ಕೈಯಾಗಿನ ಚೀಲ ಕಸಗೊಂಡ. ಡಬ್ಬಿ ಬಿದ್ದು ಬಿಚಗೊಂತು. ಎರಡು ಜಿಲೇಬಿ, ಒಂದಿಷ್ಟು ಭಾತು, ನೆಲದ ಫರಶೀ ಮ್ಯಾಲೆ. ಇವರು ಕಿಸೇದಾಗಿನ ಪಾಕೀಟು ತಗದು ಅವನ ಮುಂದ ಹಿಡದ್ರು, ಹನ್ನೊಂದು ರೂಪಾಯಿದು. ಅಂವ ಒಡದು ನೋಡಿ ನಕ್ಕ. ಬೈದದ್ದು ನಾ ಮರತೀನಿ, ಆ ನಗಿ ಮರತಿಲ್ಲ. ನಾ ಎದ್ದು ಸೆರಗು ಬಿಚ್ಚಿ, ಆ ತಾಯಿಗೆ 'ತೊಗೋರಿ, ನಿಮ್ಮ ಅಕ್ಕಿ ತೊಗೋರಿ' ಅಂದೆ. ಆಕಿ ನನ್ನ ಮುಖ ನೋಡದ 'ತುಂಬಿದ ಉಡಿ ಹೊಳ್ಳಿ ತೊಗೋಳಂಗಿಲ್ಲ' ಅಂದ್ಲು. ಆಮ್ಯಾಲೆ ಅವನಿಗೆ, 'ಹಿಂದಿನ ಬಾಗಲಿಂದ ಕಳಸ್ರಿ, ಹೊರಗ ಬೀಗರು ನೋಡತಾರ.' ಆಕಿದೂ ತಪ್ಪಿಲ್ಲ ಬಿಡ್ರಿ, ಮಗಳ ಲಗ್ನ ಅದು.

ಹಿಂದಿನ ಬಾಗಲು ಅಂದ್ರ ಅಡಿಗಿ ಮನಿ. ಇವರು ನಡುವ ನಿಂತುಬಿಡತಿದ್ರು. ನಾ 'ನಡೀರಿ, ಹೆಜ್ಜಿ ಎತ್ತಿ ಇಡ್ರಿ' ಅಂತಿದ್ದೆ. ಅಡಿಗಿ ಭಟ್ಟ, ಉಡುಪಿ ಕಡಿಯಾಂವ, ದೊಡ್ಡ ಬೋಗಣಿ ಮುಂದ ನಿಂತಿದ್ದಾಂವ ನಮ್ಮ ಕನ್ನಡ ಮಾತು ಕೇಳಿ ಹೊಳ್ಳಿ ನೋಡಿದ. 'ಎಂಥ ಆಯ್ತು ಅಮ್ಮ?' ಅಂದ. ನಾ ಬರೇ ಅತ್ತೆ. ಅಂವ ಮತ್ತೇನೂ ಕೇಳಲಿಲ್ಲ, 'ಊಟ ಆಯ್ತಾ ನಿಮ್ದು?' ಅಂದ. ಅರ್ಧ ಆಗಿತ್ತು ಅಂದೆ. ಅಲ್ಲೇ ಕಾಯಿಪಲ್ಯಾದ ಚೀಲದ ಮಗ್ಗಲಕ ಒಂದು ಎಲಿ ಹಾಕಿದ, ಅನ್ನ, ಸಾರು ಬಡಿಸಿದ. ಇವರು ಕೂಡಲಿಲ್ಲ, ನೀರು ಕುಡದು ಗ್ವಾಡಿಗೆ ಆನಿಕೊಂಡು ನಿಂತ್ರು. ನಾ ಉಂಡೆ. ಸುಳ್ಳ ಯಾಕ ಹೇಳ್ಲಿ, ಅಷ್ಟೆಲ್ಲಾ ಆದ ಮ್ಯಾಲೂ ಉಂಡೆ. ಹೊಟ್ಟಿ ಮಾನ ಮರ್ಯಾದಿ ಕೇಳಂಗಿಲ್ಲ. ಕೈ ತೊಳ್ಯೂ ಮುಂದ ಅಂವ ಅಂದ, 'ನಾಳೆ ಹೋಳಿಗೆ ಉಂಟು, ಒಬ್ಬಳು ಬರುದಿಲ್ಲಂತೆ. ನಿಮಗೆ ಲಟ್ಟಿಸ್ಲಿಕ್ಕೆ ಬರ್ತದಾ?' ಬರತದ ಅಂದೆ.

ಮನಿ ಜೀನಾದ ಮೆಟ್ಟಲಾ ಹತ್ತೂ ಮುಂದ ಇವರು ಅಂದ್ರು, 'ನಾಳಿ ಹೋಗಬ್ಯಾಡ ಶಾಂತಾ.' ನಾ ಹೋಗತೀನ್ರಿ ಅಂದೆ. ಅವತ್ತು ಸಂಜೀಕ ಆ ಉಡಿ ಅಕ್ಕೀನ ಅನ್ನಾ ಮಾಡಿ ನಿಮಗ ಹಾಕಿದೆ. ಗುಡ್ಯಾಗ ಕೊಟ್ರು ಅಂತ ನಿಮ್ಮ ಅವ್ವಗ ಮತ್ತೊಂದು ಸುಳ್ಳ.

ಹೋಳಿಗಿ ಲಟ್ಟಸಾಕ ಹೋದೆ, ಇವತ್ತಿಗೂ ಹೋಗತೀನಿ. ಅದರಿಂದ ಎಲ್ಲಾ ಸುದ್ದ ಆತು ಅನ್ಕೋಬ್ಯಾಡ್ರಿ. ಮುಹೂರ್ತ ಇದ್ದಾಗ ಕೆಲಸ, ಮಳಿಗಾಲದಾಗ ನಾಕು ತಿಂಗಳು ಬರೇ ಕೈ. ಮರು ವರ್ಷ ಮನಿ ಮಾಲಕ ಮತ್ತ ಕಾಗದ ತಂದ, ಆ ಎರಡು ಖೋಲಿ ಬಿಟ್ಟು ಈ ಒಂದು ಖೋಲಿಗೆ ಬಂದ್ವಿ. ನಿಮ್ಮ ಮುತ್ಯಾ ಆಮ್ಯಾಲೆ ಯಾರ ಲಗ್ನಕ್ಕೂ ಹೋಗಲಿಲ್ಲ, ಖಾಸ ನನ್ನ ತಮ್ಮನ ಮಗನ ಲಗ್ನದಾಗೂ ಹೊರಗ ಕುರ್ಚಿ ಮ್ಯಾಲೆ ಕೂತ್ರು, ಉಣ್ಣಲಿಲ್ಲ. ಹೋದ ವರ್ಷ ತೀರಿಕೊಂಡಾಗ ಡಾಕ್ಟರು ಎದೀದು ಅಂದ್ರು. ಇರಬಹುದು. ನನಗ ಮಾತ್ರ ಅವರು ಆ ಫರಶೀ ಮ್ಯಾಲೇನ ಅರ್ಧಾ ಹೋಗಿದ್ರು ಅನಸತದ. ಅವರ ದಿನಕರ್ಮ ಎಲ್ಲಾ ಮುಗದ ಮ್ಯಾಲೆ ನಿಮ್ಮ ಅವ್ವಗ ಇದನ್ನೆಲ್ಲಾ ಹೇಳಿದೆ. ಆಕಿ ಅಂದ್ಲು, 'ಯವ್ವಾ, ಅಂಗಡ್ಯಾಗ ಊಟ ಕೊಡತಾರ ಅಂತ ನಾನೂ ಸುಳ್ಳ ಹೇಳತಿದ್ದೆ. ಬರೇ ಚಹಾ ಕೊಡತಿದ್ರು.' ಒಂದ ಮನ್ಯಾಗ ಮೂರು ಮಂದಿ ಹಸಕೊಂಡು ಕೂತಿದ್ವಿ ನೋಡ್ರಿ, ಒಬ್ಬರಿಗೊಬ್ಬರು ಗೊತ್ತಿಲ್ಲದಂಗ.

ಅದಕ್ಕ ಹೇಳೂದು. ಬಾಗಲಾಗ ಯಾರರ ಬಂದು ನಿಂತ್ರ, ಮನ್ಯಾಗಿನವರ ಇರಲಿ ಹೊರಗಿನವರ ಇರಲಿ, ಮೊದಲು ಉಂಡೀರೇನು ಅಂತ ಕೇಳ್ರಿ. ಒಮ್ಮೆ ಅಲ್ಲ, ಎರಡು ಸಲ ಕೇಳ್ರಿ. ಯಾರು, ಎಲ್ಲಿಯವರು ಅನ್ನೂದು ಆಮ್ಯಾಲೆ. ಹೂಂ, ಏಳ್ರಿ ಇನ್ನ, ನಳ ಬರೂ ಹೊತ್ತಾತು, ಕೊಡ ಹಚ್ಚಿ ಬರ್ರಿ.