ಹಳೇ ಪಂಚೆಯ ಕುಲಾವಿ

…ಬೀನಾನ್ನ ನಾನು ಬೈತಿಲ್ಲ ಕಣ್ರೀ ಮಾರ್ಗರೇಟಮ್ಮ. ಮರೆವು ಅಂದೆ, ಅಷ್ಟೇ. ನಿಮ್ಮ ಸೊಸೆ ಅಂದ್ರೆ ನನಗೂ ಸೊಸೆ ಇದ್ದ ಹಂಗೇ. ಹೆತ್ತು ಇನ್ನೂ ಎರಡು ತಿಂಗಳು ತುಂಬಿಲ್ಲ, ಕಣ್ತುಂಬ ನಿದ್ದೆ ಇಲ್ಲ, ಅಂಥೋಳಿಗೆ ಏನು ನೆನಪಿರುತ್ತೆ ಹೇಳಿ. ಗೌನು ನನಗೆ ಕೊಟ್ಟೆ ಅಂದ್ಕೊಂಡಿರ್ತಾಳೆ. ಕೊಟ್ಟಿರಲ್ಲ. ಹೋದ ವಾರ ಗುರುವಾರ ಇಲ್ಲಿಂದ ಸರಸ್ವತಿಪುರಂಗೆ, ನಮ್ಮನೆಗೆ, ಆಟೋದಲ್ಲಿ ತಾನೆ ಬಂದಿದ್ದು? ಆ ಆಟೋದಲ್ಲೇ ಬಿಟ್ಟಿರ್ತಾಳೆ. ಬ್ಯಾಗಲ್ಲಿ ಮಗೂದೇ ಒಂದು ರಾಶಿ ಸಾಮಾನು, ಅದರ ಮಧ್ಯೆ ಒಂದು ಗೌನು ಜಾರಿದ್ರೆ ಯಾರಿಗೆ ತಿಳೀಬೇಕು?

ಯಾಕೆ, ಏನೂ ಮಾತೇ ಇಲ್ಲ? ಬಂದಾಗಿಂದ ನಾನೊಬ್ಬಳೇ ಬಡ್ಕೋತಾ ಇದೀನಿ. ಹಂಗೆ ನೋಡ್ಬೇಡಿ ನನ್ನ… ಸ್ವಲ್ಪ ಲೈಟಾದ್ರೂ ಹಾಕಬಾರದಾ? ಓ, ಹಾಕೇ ಇದೆ. ನಿಮ್ಮನೆ ಹಾಲ್ ಮೊದಲಿಂದ್ಲೂ ಕತ್ತಲೆನೇ ಬಿಡಿ. ನಿಮ್ಮ ಯಜಮಾನ್ರು ಆಂತೋಣಿಯವರು ಕಿಟಕಿಗೆ ಅಡ್ಡ ಬೀರು ಇಡಿಸಿದ ದಿನಾನೇ ಹೇಳಿದ್ದೆ ನಾನು, ಯಾರು ಕೇಳ್ತೀರಿ ನನ್ನ ಮಾತು.

ನಾಳಿದ್ದು ಭಾನುವಾರ ಜ್ಞಾನಸ್ನಾನ. ಗೊತ್ತು ಕಣ್ರೀ, ಗೊತ್ತಿಲ್ವಾ ನನಗೆ? ನಿಮ್ಮಜ್ಜಿ ಕೈಯಾರೆ ಹೊಲೆದ ಗೌನು. ನಿಮ್ಮಮ್ಮ, ನೀವು, ಆಮೇಲೆ ನಿಮ್ಮ ಮಗ ಆಂಟೋ, ಎಲ್ಲಾ ಅದನ್ನೇ ತೊಟ್ಟು ಚರ್ಚಲ್ಲಿ ತಲೆ ಮೇಲೆ ನೀರು ಹಾಕಿಸ್ಕೊಂಡವರು. ಆಂಟೋ ಮಗೂಗೂ ಅದೇ ಆಗ್ಬೇಕಿತ್ತು. ತೋಳಿನ ಹತ್ರ ಲೇಸು ಬಿಟ್ಕೊಂಡಿದೆ, ನನ್ನ ಬೆರಳು ಊದ್ಕೊಂಡು ಸೂಜಿ ನಿಲ್ತಿಲ್ಲ, ನೀವೇ ಕೂರಿಸ್ಕೊಡಿ ಅಂತ ಫೋನಲ್ಲಿ ಕೇಳಿದ್ರಿ. ನೀವು ಚರ್ಚಿಗೆ ಹೋಗಿ ಆಮೇಲೆ ಬರೋರಿದ್ರಿ, ಅದಕ್ಕೆ ಬೀನಾ ಕೈಲಿ ಮುಂಚೆ ಕಳಿಸಿದ್ರಿ. ನನಗೆ ಬಂದು ಸೇರಲಿಲ್ಲ. ಇದಕ್ಕಿಂತ ನಾನೇನು ಹೇಳಲಿ?

ಒಳಗೆ ಮಗು ಅಳ್ತಿದೆಯಲ್ಲ… ಬೀನಾ ಎತ್ಕೊಂಡ್ಲು ಅಂತ ಕಾಣುತ್ತೆ. ನೀವು ಅವಳ ಜೊತೆ ಮಾತು ಬಿಟ್ಟು ನಾಕು ದಿನ ಆಯ್ತಂತೆ? ನಮ್ಮ ಹೊಲಿಗೆ ಸಂಘದ ಲಹರಿ ಹೇಳಿದ್ಲು. ಬಾಣಂತಿ ಜೊತೆ ಹಂಗೆಲ್ಲ ಮಾತು ಬಿಡಬಾರದು ಕಣ್ರೀ. ಹಾಲು ಬತ್ತುತ್ತೆ. ನನ್ನ ಮುಖ ನೋಡ್ಕೊಂಡಾದ್ರೂ ಬಿಟ್ಟಾಕಿ. ಹೋಗಿದ್ದು ಹೋಯ್ತು.

ಅದಕ್ಕೇ ಬಂದೆ ನಾನು. ಕೇಳಿ ಇಲ್ಲಿ. ಹೊಸಾದೊಂದು ಹೊಲಿಯೋಣ. ಇವತ್ತು ಶುಕ್ರವಾರ, ನಾಳೆ ಇಡೀ ದಿನ ಇದೆ. ನಮ್ಮ ಸಂಘದಲ್ಲಿ ಹನ್ನೆರಡು ಜನ ಇದೀವಿ, ಒಂದು ಗೌನು ಆಗಲ್ವಾ? ತೆಳ್ಳನೆ ಮಲ್ ಬಟ್ಟೆ ತರಿಸ್ತೀನಿ. ತುದಿಗೆ ನಿಮ್ಮಜ್ಜಿ ಹಾಕಿದ್ರಲ್ಲ, ಬಿಳೀ ದಾರದಲ್ಲಿ ದ್ರಾಕ್ಷಿ ಬಳ್ಳಿ, ಅದನ್ನ ಲಹರಿ ಹಾಕ್ತಾಳೆ. ನಾನೇ ಕತ್ತರಿಸಿ ಕೊಡ್ತೀನಿ… ಕತ್ತರಿಸೋದು ನಾನೇ ತಾನೆ ಯಾವತ್ತೂ?

ಅಲ್ಲ, ನಿಮಗೆ ನೆನಪಿದೆಯೋ ಇಲ್ವೋ, ಆ ಕಾನೂನು ಮಾಡಿದ್ದು ನೀವೇ. ಸಂಘ ಶುರುವಾದ ವರ್ಷ. ಹೊಲಿಗೆ ಯಾರು ಬೇಕಾದ್ರೂ ಹಾಕ್ಲಿ, ಕತ್ತರಿ ಮಾತ್ರ ಶಾರದಮ್ಮನ ಕೈಲೇ ಇರ್ಲಿ ಅಂದ್ರಿ. ಹತ್ತು ಕೈ ಕತ್ತರಿ ಹಿಡಿದ್ರೆ ಹತ್ತು ಅಳತೆ ಆಗುತ್ತೆ ಅಂದ್ರಿ. ಹತ್ತೊಂಬತ್ತು ವರ್ಷ ಆಯ್ತು. ಪ್ರತಿ ಗುರುವಾರ ಮಧ್ಯಾಹ್ನ ಎರಡೂವರೆಗೆ ನಮ್ಮನೆ ಮುಂದಿನ ಕೋಣೇಲಿ ನೀವೆಲ್ಲ ಚಾಪೆ ಮೇಲೆ, ನಾನು ಮೇಜಿನ ಹತ್ರ ನಿಂತ್ಕೊಂಡು. ಅಗ್ರಹಾರದ ಮನೆ ಮನೆಯಿಂದ ಹಳೇ ಪಂಚೆ ಬರುತ್ತೆ, ಒಗೆದು ಒಗೆದು ಬೆಣ್ಣೆ ಹಂಗಾಗಿರೋದು. ಎಳೇ ಕೂಸಿನ ಮೈಗೆ ಮೊದಲು ಹಳೇ ಬಟ್ಟೇನೇ ಸೋಕಬೇಕು, ಹೊಸದು ತರಚುತ್ತೆ. ಹೆರಿಗೆ ಆಸ್ಪತ್ರೇಲಿ ನಮ್ಮ ಕುಲಾವಿ ತಲೆಗೆ ಹಾಕ್ಕೊಳ್ಳದೆ ಮನೆಗೆ ಹೋದ ಮಗು ಎಷ್ಟಿದೆ ಹೇಳಿ! ಮಿಕ್ಕ ಆರು ದಿನ ನಮ್ಮವರು ಟೀವಿ ಮುಂದೆ, ನಾನು ಅಡುಗೆಮನೇಲಿ. ಆ ಗುರುವಾರ ಒಂದಿಲ್ಲ ಅಂದ್ರೆ ನಾನೇನು ಮಾಡ್ಲಿ ಕಣ್ರೀ… ಇರ್ಲಿ. ಎಲ್ಲೋ ಹೋದೆ.

ಗೌನಿನ ಮಾತು. ಕತ್ತಿನ ಹತ್ರ ಲೇಸು ಬೇಡ, ಸೆಖೆ, ಮಗೂಗೆ ಚುಚ್ಚುತ್ತೆ. ಬೆನ್ನಿಗೆ ಮೂರು ಗುಂಡಿ ಸಾಕು. ಬೀನಾ ಹಾಕಿದ್ಲಲ್ಲ, ಮುತ್ತಿನಂಥದ್ದು, ಪುಟ್ಟ ಪುಟ್ಟದು… ಅಂಥದ್ದೇ ಸಿಗುತ್ತೆ, ನಾನು…

ಏನು?

ಗುಂಡಿ ಅಂದ್ನಾ? ಅಂದೆ. ಮುಂಚೆ ಇತ್ತಲ್ಲ ಗುಂಡಿ… ಇರ್ಲಿಲ್ಲ. ಹೌದು. ಆಂಟೋಗೆ ತೊಡಿಸಿದಾಗ ದಾರ ಕಟ್ಟೋದಿತ್ತು. ಚರ್ಚ್ ಬಾಗಿಲಲ್ಲಿ ಗಂಟು ಬಿಚ್ಚಿ ಹೋಗಿ ನಾನೇ ಕಟ್ಟಿದ್ದೆ. ಗುಂಡಿ ಬೀನಾ ಹಾಕಿದ್ದು ಅದೇ ಗುರುವಾರ ಬೆಳಗ್ಗೆ. ನಿಮಗೂ ತೋರಿಸಿರ್ಲಿಲ್ಲ ಅನ್ಸುತ್ತೆ. ಆಂಟಿ, ಅತ್ತೆಗೆ ಹೇಳ್ಬೇಡಿ, ಭಾನುವಾರ ನೋಡಿ ಖುಷಿ ಪಡ್ಲಿ ಅಂತ ನನ್ನ ಕಿವಿ ಹತ್ರ ಬಂದು ಹೇಳಿದ್ಲು.

ಕೊಟ್ಟಳು ಮಾರ್ಗರೇಟಮ್ಮ. ಬೀನಾ ಕೊಟ್ಟಳು. ಆ ಹುಡುಗಿ ಹೇಳಿದ್ದೆಲ್ಲ ನಿಜ. ನಾನು ಹೇಳಿದ್ದು ಸುಳ್ಳು.

ಬೈರಿ. ಎದ್ದು ಎರಡೇಟು ಬೇಕಾದ್ರೂ ಕೊಡಿ. ಆದ್ರೆ ಪೂರ್ತಿ ಹೇಳಿಸ್ಕೊಳ್ಳಿ, ಅರ್ಧಕ್ಕೆ ನಿಲ್ಲಿಸಿದ್ರೆ ಇನ್ನೊಂದು ಸಲ ನನ್ನ ಬಾಯಿಂದ ಬರಲ್ಲ ಇದು.

ಮೇಜಿನ ಮೇಲೆ ಇಟ್ಟಳು. ಇಲ್ಲಿಟ್ಟಿದೀನಿ ಆಂಟಿ ಅಂತ ಹೇಳೇ ಇಟ್ಟಳು. ಅಷ್ಟೊತ್ತಿಗೆ ಮಗು ಅಳ್ತು, ಒಳಗೆ ಹೋದ್ಲು. ನಾನು ಪಂಚೆ ಕತ್ತರಿಸ್ತಿದ್ದೆ. ಶನಿವಾರದೊಳಗೆ ಮೂವತ್ತು ಕುಲಾವಿ ಆಸ್ಪತ್ರೆಗೆ ಕೊಡ್ಬೇಕಿತ್ತು, ಎಲ್ಲರೂ ಶಾರದಮ್ಮ ನನಗೆ, ಶಾರದಮ್ಮ ನನಗೆ ಅಂತ ಕೈ ಚಾಚ್ತಿದ್ರು. ಒಂದು ಪಂಚೆ ಮುಗೀತು, ಕೈ ಹಾಕಿ ಇನ್ನೊಂದು ಎಳ್ಕೊಂಡೆ. ಬಿಳೀದು, ಮೆತ್ತಗಿತ್ತು. ನಾಲ್ಕು ಮಡಿಕೆ ಹಾಕಿದೆ, ಮೇಲೆ ಪೇಪರ್ ಅಳತೆ ಇಟ್ಟೆ, ಕತ್ತರಿ ಓಡಿಸಿದೆ. ಒಂದು ಸಲ ಅಲ್ಲ, ಎರಡು ಸಲ. ಎಂಟು ತುಂಡು. ಮಿಕ್ಕಿದ್ದನ್ನ ಎತ್ತಿದ್ರೆ ಕೈಗೆ ಗುಂಡಿ ಸಿಕ್ತು… ಪಂಚೆಗೆಲ್ಲಿ ಬರುತ್ತೆ ಗುಂಡಿ?

ನೀವೆಲ್ಲ ಅಲ್ಲೇ ಕೂತಿದ್ರಿ. ನೀವೇ ಏನೋ ಹೇಳ್ತಿದ್ರಿ, ಎಲ್ಲರೂ ನಗ್ತಿದ್ರು. ಅದರ ಮಧ್ಯೆ ನಾನು ಮಾರ್ಗರೇಟಮ್ಮ ಇಲ್ಲಿ ಬನ್ನಿ ಅಂತ ಕರೀಬೇಕಿತ್ತು. ಕರೀಲಿಲ್ಲ. ಆ ತುಂಡುಗಳನ್ನ ತಡಕಾಡಿ ಸೆರಗಿನಡಿ ಹಿಡ್ಕೊಂಡು ಒಳಗೆ ಹೋಗಿ ರೇಷ್ಮೆ ಸೀರೆ ಬೀರುವಿನಲ್ಲಿ ಇಟ್ಟುಬುಟ್ಟೆ. ಬೆಳಗ್ಗೆ ಹೇಳೋಣ ಅಂದ್ಕೊಂಡೆ. ಬೆಳಗ್ಗೆ ನೀವೇ ಫೋನ್ ಮಾಡಿದ್ರಿ, ಲೇಸು ಆಯ್ತಾ ಅಂತ. ಯಾವ ಲೇಸು, ಬೀನಾ ಏನೂ ಕೊಡ್ಲಿಲ್ವಲ್ಲ ಅಂದೆ. ಅಂದೇಬಿಟ್ಟೆ. ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೇ ಕೇಳಿಸ್ತು. ಆಮೇಲೆ ದಿನಕ್ಕೊಂದು ಸುಳ್ಳು ಸೇರಿಸ್ಕೊಂಡು ಬಂದೆ. ಕಳೆದ ಸಾಮಾನು ಸಿಗ್ಲಿ ಅಂತ ನೀವು ಸಂತ ಅಂತೋಣಿ ಹತ್ರ ಕೇಳ್ಕೊಂಡಾಗ ನಾನೂ ನಿಮ್ಮ ಪಕ್ಕದಲ್ಲಿ ನಿಂತು ಕೈ ಮುಗಿದೆನಲ್ಲ… ನನಗಿಂತ ಕೆಟ್ಟೋಳು ಇದ್ದಾಳಾ ಈ ಮೈಸೂರಲ್ಲಿ?

ಗಡಿಬಿಡೀಲಿ ಆಗಿದ್ದು ಕಣ್ರೀ. ಗಡಿಬಿಡಿ, ಗಲಾಟೆ, ಬೇರೇನಿಲ್ಲ. ಯಾರಿಗಾದ್ರೂ ಆಗ್ತಿತ್ತು. ಬಿಳೀ ಬಟ್ಟೆ ಮೇಲೆ ಬಿಳೀ ಬಟ್ಟೆ, ಬಳ್ಳೀನೂ ಬಿಳೀ ದಾರ… ಒಂದು ಕ್ಷಣ ಗಮನ ತಪ್ಪಿತು.

ಏನಾದ್ರೂ ಅನ್ನಿ. ಹಿಂಗೆ ಸುಮ್ಮನೆ ಕೂತ್ರೆ ನನಗೆ ತಡ್ಕೊಳ್ಳಕ್ಕಾಗಲ್ಲ. ಎಲ್ಲಿ, ಕೈ ಕೊಡಿ ಇಲ್ಲಿ. ಮೇಜಿನ ಮೇಲೆ ಕೈ ಇಟ್ಟಿದೀರಾ ಅಂದ್ಕೊಂಡೆ…

ಇದೇನಿದು?

ಕುಲಾವಿ. ನಮ್ಮದೇ, ಕಟ್ಟೋ ದಾರ ಲಹರಿ ಹೊಲಿಗೆ… ಮೆತ್ತಗಿದೆ. ಅಂಚಲ್ಲಿ ಏನೋ… ದ್ರಾಕ್ಷಿ. ಬಳ್ಳಿ.

ಎಂಟೂ ತಗೊಂಡಿದ್ದೆ ಅಂದ್ಕೊಂಡೆ. ಒಂದು ಉಳಿದಿತ್ತಾ? ಲಹರಿ ಕಟ್ಟಿಗೆ ಹೋಗಿ ಸೇರ್ಕೊಂಡಿತ್ತಾ? ಅವಳು ಬಳ್ಳಿ ನೋಡಿ ತಂದ್ಕೊಟ್ಲು ಅನ್ನಿ. ಯಾವಾಗ? ಈಗ ನಾನು ಮಾತಾಡ್ತಿರಬೇಕಾದ್ರೆ ತಂದಿಟ್ರಾ ಇಲ್ಲಿ? ನೀವು ಎದ್ದಿದ್ದು ನನಗೆ ಕೇಳಿಸ್ಲಿಲ್ಲ.

ಎದ್ದೇ ಇಲ್ಲ. ಹಂಗಾದ್ರೆ ನಾನು ಬರೋಕೆ ಮುಂಚೇನೇ ಇಲ್ಲಿತ್ತು. ಇಷ್ಟೊತ್ತೂ ಇಲ್ಲೇ ಇತ್ತು, ನನ್ನ ಮುಂದೆ, ಒಂದು ಗೇಣು ದೂರದಲ್ಲಿ. ಅದರ ಮುಂದೆ ಕೂತ್ಕೊಂಡು ನಾನು ಬೀನಾ ಕೊಡ್ಲಿಲ್ಲ, ಆಟೋದಲ್ಲಿ ಬಿಟ್ಟಳು ಅಂತ… ನೀವು ನೋಡ್ತಾನೇ ಇದ್ರಿ. ಏನಂದ್ಕೊಂಡ್ರಿ ನನ್ನ? ಎಂಥಾ ಭಂಡ ಮುಖದ ಹೆಂಗಸು, ನೋಡ್ಕೊಂಡೇ ಸುಳ್ಳು ಹೇಳ್ತಾಳಲ್ಲ ಅಂದ್ಕೊಂಡ್ರಾ?

ಕಾಣಲಿಲ್ಲ ಕಣ್ರೀ. ನನಗೆ ಕಾಣಲಿಲ್ಲ.

ಗಡಿಬಿಡಿ ಏನಿರ್ಲಿಲ್ಲ ಅವತ್ತು. ಒಂದೂವರೆ ವರ್ಷ ಆಯ್ತು. ಯಾವುದನ್ನ ನೆಟ್ಟಗೆ ನೋಡ್ತೀನೋ ಅದೇ ಇರಲ್ಲ, ಅಲ್ಲೊಂದು ಹೊಗೆ. ಸುತ್ತ ಇರೋದು ಕಾಣುತ್ತೆ, ಅದಕ್ಕೇ ಓಡಾಡ್ತೀನಿ, ಆಟೋ ಹತ್ತುತೀನಿ, ಯಾರಿಗೂ ಗೊತ್ತಾಗಲ್ಲ. ಮೊಮ್ಮಗಳು ತನ್ಮಯಿ ಕರ್ಕೊಂಡು ಹೋಗಿದ್ಲು ಕಣ್ಣಿನ ಡಾಕ್ಟರ್ ಹತ್ರ. ಕಣ್ಣಿನ ಹಿಂದಿನ ಪರದೆ ಸವೆದಿದೆ, ಕನ್ನಡಕದಿಂದ ಆಗಲ್ಲ, ಆಪರೇಷನ್ನಿಂದ್ಲೂ ಆಗಲ್ಲ ಅಂದ್ರು. ತಾತನಿಗೆ ಹೇಳಿದ್ರೆ ನನ್ನಾಣೆ ಅಂತ ಆ ಹುಡುಗಿ ಬಾಯಿ ಕಟ್ಟಿದೆ. ಬೆರಳಿಗೆ ಎಲ್ಲಾ ಗೊತ್ತಲ್ಲ, ಕಣ್ಣು ಯಾಕೆ ಅಂತ ಕತ್ತರಿಸ್ಕೊಂಡು ಬಂದೆ. ಲೇಸು ಕೂರಿಸ್ಕೊಡಿ ಅಂತ ನೀವು ಕೇಳಿದಾಗ್ಲೂ ಆಗಲ್ಲ ಅನ್ನಲಿಲ್ಲ. ತನ್ಮಯಿ ಕೈಲಿ ಕೂರಿಸಿ ನಾನೇ ಮಾಡಿದ್ದು ಅಂತ ಕೊಡೋಳಿದ್ದೆ. ಕಣ್ಣು ಕಾಣಲ್ಲ ಅಂದ್ರೆ ಕತ್ತರಿ ಬಿಡಬೇಕಲ್ಲ. ಯಾರೂ ಕಿತ್ಕೊಳ್ಳಲ್ಲ, ಗೊತ್ತು. ಎಲ್ಲರೂ ಪಾಪ ಅಂತ ಸುಮ್ಮನಾಗ್ತಾರೆ. ಒಂದು ಮೂಲೇಲಿ ಕೂರಿಸಿ ಕೈಗೆ ಕಾಫಿ ಕೊಡ್ತಾರೆ. ಅದು ಬೇಡ ಅಂತ ನಿಮ್ಮ ಸೊಸೇನ ಸುಳ್ಳುಗಾತಿ ಮಾಡಿದೆ.

ಬೀನಾನ್ನ ಕರೀರಿ. ಅವಳ ಮುಂದೇನೂ ಹೇಳ್ತೀನಿ. ಗೌನು ನಾನು ಎಲ್ಲಿಂದ ತರ್ಲಿ, ಎಂಟು ತುಂಡು ಸೇರಿಸಿ ಹೊಲಿದ್ರೂ ಅದು ನಿಮ್ಮಜ್ಜಿ ಗೌನು ಆಗಲ್ಲ.

ಕರೀತೀರಾ? ನೀವು ಅಳ್ತಿದೀರೋ, ಸಿಟ್ಟಲ್ಲಿ ಇದೀರೋ, ಮುಖ ಆ ಕಡೆ ತಿರುಗಿಸ್ಕೊಂಡಿದೀರೋ… ನಿಮ್ಮ ಸೆರಗು ಕಾಣುತ್ತೆ, ಕುರ್ಚಿ ಕೈ ಕಾಣುತ್ತೆ, ಮುಖ ಕಾಣಲ್ಲ. ಸುಮ್ಮನೆ ಇದ್ರೆ ನನಗೆ ಏನೂ ತಿಳಿಯಲ್ಲ ಮಾರ್ಗರೇಟಮ್ಮ. ಬಾಯಿ ಬಿಟ್ಟು ಹೇಳ್ಬೇಕು ನೀವು.